ಚಿ: ಅದರ ನಡೆ ಗುರುತಿಸುವ ಬಗೆ, ನಿಂತು ಅಭ್ಯಾಸ ಮಾಡುವ ಬಗೆ

ಸಾಂಪ್ರದಾಯಿಕ ಚೀನೀ ವೈದ್ಯದಲ್ಲಿ ‘ಚಿ’, ಅಂದರೆ ಮೈಯಲ್ಲಿ ಹರಿಯುತ್ತದೆ ಎನ್ನುವ ಜೀವಬಲ, ಎಂಬ ಮಾತು ಬಂದಾಗಲೆಲ್ಲ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಚಿ? ಎಲ್ಲಿಯದು? ಯಾವ ದಿಕ್ಕಿಗೆ ಸಾಗುತ್ತಿದೆ? ಇವಕ್ಕೆ ಉತ್ತರ ಕೊಡದೆ ‘ನಿಮ್ಮಲ್ಲಿ ಚಿ ಕಡಿಮೆಯಾಗಿದೆ, ತುಂಬಿಸಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಆ ಮಾತಿನಿಂದ ಪ್ರಯೋಜನವಿಲ್ಲ. ಬ್ಯಾಟರಿಯಂತೆ ತುಂಬುವ, ಖಾಲಿಯಾಗುವ ಶಕ್ತಿ ಎಂದುಕೊಂಡಲ್ಲೇ ಹೆಚ್ಚಿನವರು ಎಡವುತ್ತಾರೆ. ಹಳೆಯ ವೈದ್ಯರು ನೋಡುತ್ತಿದ್ದದ್ದು ನಡೆಯನ್ನು: ಏರಬೇಕಾದದ್ದು ಏರುತ್ತಿದೆಯೇ, ಇಳಿಯಬೇಕಾದದ್ದು ಇಳಿಯುತ್ತಿದೆಯೇ, ಎಲ್ಲಾದರೂ ಕಟ್ಟಿಕೊಂಡಿದೆಯೇ. ಆ ನಡೆಯನ್ನು ಓದಲು ಕಲಿತರೆ ನಿಲ್ಲುವುದು, ಉಸಿರಾಡುವುದು, ಮೈಮೇಲಿನ ಬಿಂದು ಒತ್ತುವುದು ಎಲ್ಲಕ್ಕೂ ಒಂದು ಕಾರಣ ಸಿಗುತ್ತದೆ.

ಮೊದಲು ಹೆಸರಿನ ವಿಷಯ. ಚೀನೀ ಉಚ್ಚಾರಣೆ ‘ಛೀ’ಗೆ ಹತ್ತಿರ. ಕನ್ನಡದಲ್ಲಿ ಅದು ತಿರಸ್ಕಾರದ ಉದ್ಗಾರವಾದ್ದರಿಂದ ‘ಚಿ’ ಎಂದು ಬರೆಯುವುದು ಲೇಸು. ಜಪಾನೀಯರು ಇದೇ ಅಕ್ಷರವನ್ನು ‘ಕಿ’ ಎನ್ನುತ್ತಾರೆ. ‘ರೇಕಿ’, ‘ಐಕಿಡೊ’ ಪದಗಳಲ್ಲಿರುವುದು ಅದೇ. ಹಳೆಯ ಲಿಪಿಯಲ್ಲಿ ಈ ಅಕ್ಷರಕ್ಕೆ ಎರಡು ಭಾಗ: ಮೇಲೆ ಆವಿ, ಕೆಳಗೆ ಅಕ್ಕಿ. ಅನ್ನ ಬೇಯುವಾಗ ಏಳುವ ಹಬೆಯನ್ನು ನೆನೆದುಕೊಳ್ಳಿ. ಕೆಳಗೆ ಗಟ್ಟಿ ಪದಾರ್ಥ, ಮೇಲೆ ಹಿಡಿಗೆ ಸಿಗದ ಚಲನೆ, ನಡುವೆ ಬಿಸಿ. ಇಡೀ ಸಿದ್ಧಾಂತದ ಬೀಜ ಈ ಚಿತ್ರದಲ್ಲಿದೆ.

‘ಪ್ರಾಣ’ ಎಂದು ಅನುವಾದಿಸಿದರೆ ಕಿವಿಗೆ ಹಿತ, ಆದರೆ ನಕ್ಷೆ ಹೊಂದುವುದಿಲ್ಲ. ಚಿ ಹರಿಯುವ ದಾರಿಗಳು ಅಂಗಾಂಗಗಳಿಗೆ ಜೋಡಿಸಿದ 12 ಮುಖ್ಯ ನಾಳಗಳು, ಜೊತೆಗೆ ಎಂಟು ವಿಶೇಷ ನಾಳಗಳು. ಚಕ್ರ, ನಾಡಿಗಳ ಚಿತ್ರವನ್ನು ಅದರ ಮೇಲೆ ಹೇರಿದರೆ ಎರಡೂ ಕೆಡುತ್ತವೆ. ಅಂಗಗಳ ಹೆಸರಿನಲ್ಲೂ ಎಚ್ಚರ ಬೇಕು. ಚೀನೀ ವೈದ್ಯ ‘ಗುಲ್ಮ’ ಎಂದಾಗ ಪಕ್ಕೆಲುಬಿನಡಿಯ ಆ ಒಂದು ಅಂಗವನ್ನಷ್ಟೇ ಹೇಳುತ್ತಿಲ್ಲ; ಆಹಾರವನ್ನು ಸಾರವಾಗಿಸಿ ಮೇಲಕ್ಕೆ ಕಳಿಸುವ ಇಡೀ ಕೆಲಸಕ್ಕೆ ಅದು ಹೆಸರು. ಅಲ್ಲಿ ‘ಗುಲ್ಮದ ಚಿ ಕುಂದಿದೆ’ ಎಂದರೆ ರಕ್ತಪರೀಕ್ಷೆಯಲ್ಲಿ ಗುಲ್ಮದ ರೋಗ ಕಾಣಬೇಕೆಂದೇನಿಲ್ಲ. ಹಾಗೆಯೇ ಚಿಯನ್ನು ಅಳೆಯುವ ಉಪಕರಣವಿಲ್ಲ. ದೇಹವನ್ನು ಸೀಳಿ ನೋಡಿದರೆ ಈ ನಾಳಗಳು ರಕ್ತನಾಳಗಳಂತೆ ಕಣ್ಣಿಗೆ ಬೀಳುವುದಿಲ್ಲ. ಸಾವಿರಾರು ವರ್ಷ ದೇಹದ ನಡೆಯನ್ನು ಗಮನಿಸಿ, ಹೆಸರಿಟ್ಟು, ವಿಂಗಡಿಸಿದ ಒಂದು ಭಾಷೆ ಎಂದು ಇದನ್ನು ಕಲಿತರೆ ಉಪಯೋಗ ಹೆಚ್ಚು, ಮೋಸಹೋಗುವುದು ಕಡಿಮೆ.

ಚಿ ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ

ಮೂಲಗಳು ಮೂರು. ತಂದೆತಾಯಿಯಿಂದ ಬಂದದ್ದು ಯುವಾನ್ ಚಿ, ಅದರ ನೆಲೆ ಮೂತ್ರಪಿಂಡ. ಆಹಾರದಿಂದ ಗುಲ್ಮ ಮತ್ತು ಜಠರ ತೆಗೆಯುವುದು ಗು ಚಿ. ಶ್ವಾಸಕೋಶ ಎಳೆದುಕೊಳ್ಳುವ ಗಾಳಿಯ ಚಿ ಮೂರನೆಯದು. ಆಹಾರದ್ದೂ ಗಾಳಿಯದ್ದೂ ಎದೆಯಲ್ಲಿ ಕೂಡಿ ಝೊಂಗ್ ಚಿ ಆಗುತ್ತದೆ. ದನಿ ಗಟ್ಟಿಯಾಗಿರುವುದು, ಉಸಿರು ತುಂಬಿರುವುದು, ಎದೆಬಡಿತ ಲಯದಲ್ಲಿರುವುದು ಇದರಿಂದ. ಮುಂದೆ ಇದೇ ಎರಡು ಕವಲಾಗುತ್ತದೆ. ರಕ್ತದ ಜೊತೆ ನಾಳದೊಳಗೆ ಹರಿದು ಪೋಷಿಸುವುದು ಯಿಂಗ್ ಚಿ. ನಾಳದ ಹೊರಗೆ ಚರ್ಮದಡಿ ಓಡಾಡುತ್ತ ಬೆವರಿನ ರಂಧ್ರಗಳನ್ನು ತೆರೆದು ಮುಚ್ಚುತ್ತ ಚಳಿಗಾಳಿಯಿಂದ ಕಾಯುವುದು ವೇ ಚಿ.

ಇಷ್ಟರಿಂದಲೇ ಒಂದು ಕೆಲಸದ ಮಾತು ಹೊರಡುತ್ತದೆ. ಹುಟ್ಟಿನಿಂದ ಬಂದದ್ದನ್ನು ಹೆಚ್ಚಿಸುವುದು ಕಷ್ಟ, ಪೋಲುಮಾಡದೆ ಉಳಿಸಬಹುದು. ದಿನವೂ ಕೈಯಲ್ಲಿರುವುದು ಊಟ ಮತ್ತು ಉಸಿರು. ಊಟ ಹೊತ್ತಿಗೆ ಸರಿಯಾಗಿ ಆಗದವರು ಗಂಟೆಗಟ್ಟಲೆ ನಿಂತು ಅಭ್ಯಾಸ ಮಾಡಿದರೂ ಫಲ ಕಾಣುವುದಿಲ್ಲ ಎಂದು ಈ ಪರಂಪರೆ ಹೇಳುವುದು ಇದಕ್ಕೇ.

ಚಿಯ ಕೆಲಸ ಐದು: ತಳ್ಳುವುದು, ಬೆಚ್ಚಗಿಡುವುದು, ಕಾಯುವುದು, ಹಿಡಿದಿಡುವುದು, ಮಾರ್ಪಡಿಸುವುದು. ಯಾವ ಕೆಲಸ ನಿಂತಿದೆ ಎಂದು ನೋಡಿದರೆ ಎಲ್ಲಿ ಕೊರತೆ ಎಂದು ತಿಳಿಯುತ್ತದೆ. ತಳ್ಳುವುದು ನಿಂತರೆ ಮಲಬದ್ಧತೆ, ಕೈಕಾಲು ಭಾರ. ಬೆಚ್ಚಗಿಡುವುದು ನಿಂತರೆ ಬೆರಳ ತುದಿ ತಣ್ಣಗೆ. ಕಾಯುವುದು ಸಡಿಲವಾದರೆ ಮೇಲಿಂದ ಮೇಲೆ ನೆಗಡಿ. ಹಿಡಿದಿಡುವುದು ಸಡಿಲವಾದರೆ ಕೂತಲ್ಲೇ ಬೆವರು, ಕೆಮ್ಮಿದರೆ ಮೂತ್ರ ಜಿನುಗುವುದು, ಸುಲಭಕ್ಕೆ ಚರ್ಮದಡಿ ನೀಲಿಗಟ್ಟುವುದು. ಮಾರ್ಪಡಿಸುವುದು ಕೆಟ್ಟರೆ ತಿಂದದ್ದು ತಿಂದ ಹಾಗೇ ಹೊಟ್ಟೆಯಲ್ಲಿ ಕೂತ ಅನುಭವ.

ಕೊರತೆಯೋ, ಕಟ್ಟಿಕೊಂಡಿದೆಯೋ, ತಿರುಗಿಬಿದ್ದಿದೆಯೋ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಈ ವಿಂಗಡಣೆಗೆ. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಚಿ ಕುಂದಿದರೆ ದಣಿವು, ಮಾತಾಡಲು ಬೇಸರ, ಸಣ್ಣ ದನಿ, ನಾಲ್ಕು ಮೆಟ್ಟಿಲಿಗೆ ಏದುಸಿರು, ಕಾರಣವಿಲ್ಲದ ಬೆವರು. ನಾಲಿಗೆ ಪೇಲವ, ನಾಡಿ ಬಲಹೀನ. ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ನೋವಿದ್ದರೆ ಅದರ ಮೇಲೆ ಕೈಯಿಟ್ಟು ಒತ್ತಿದಾಗ ಹಿತವೆನಿಸುತ್ತದೆ.

ಚಿ ಕಟ್ಟಿಕೊಂಡರೆ ಲಕ್ಷಣ ಬೇರೆ. ಉಬ್ಬರ ಮುಖ್ಯ, ನೋವು ಆಮೇಲೆ. ನೋವು ಒಂದೆಡೆ ನಿಲ್ಲುವುದಿಲ್ಲ. ಇಂದು ಪಕ್ಕೆಯಲ್ಲಿ, ನಾಳೆ ಹೊಟ್ಟೆಯಲ್ಲಿ. ತೇಗು ಬಂದರೆ, ವಾಯು ಹೋದರೆ, ಉದ್ದ ನಿಟ್ಟುಸಿರು ಬಿಟ್ಟರೆ ಹಗುರ. ಮನಸ್ಸು ಕೆಟ್ಟ ದಿನ ಹೆಚ್ಚು. ಒತ್ತಿದರೆ ಸಹಿಸಲಾಗದು. ನಾಡಿ ಬಿಗಿದ ತಂತಿಯಂತೆ ಬೆರಳಿಗೆ ತಾಗುತ್ತದೆ. ಇಂಥವರು ಸ್ವಲ್ಪ ನಡೆದಾಡಿದರೆ ಲವಲವಿಕೆ ಬರುತ್ತದೆ. ಕುಂದಿದವರಿಗೂ ಇವರಿಗೂ ಎದ್ದು ಕಾಣುವ ವ್ಯತ್ಯಾಸ ಇದು: ಇಪ್ಪತ್ತು ನಿಮಿಷ ನಡೆದ ಮೇಲೆ ಸುಸ್ತು ಹೆಚ್ಚಿತೋ ಕಡಿಮೆಯಾಯಿತೋ ಎಂದು ಕೇಳಿ ನೋಡಿ.

ತಿರುಗಿಬಿದ್ದ ಚಿ ಎಂದರೆ ಇಳಿಯಬೇಕಾದದ್ದು ಮೇಲೇರುವುದು. ಜಠರದ್ದು ಏರಿದರೆ ಬಿಕ್ಕಳಿಕೆ, ಹುಳಿತೇಗು, ವಾಕರಿಕೆ, ವಾಂತಿ. ಶ್ವಾಸಕೋಶದ್ದು ಏರಿದರೆ ಕೆಮ್ಮು, ಉಬ್ಬಸ. ಯಕೃತ್ತಿನದು ಮಿತಿಮೀರಿ ಏರಿದರೆ ತಲೆನೋವು, ತಲೆಸುತ್ತು, ಮುಖ ಕೆಂಪು. ಇದಕ್ಕೆ ವಿರುದ್ಧವಾದದ್ದು ಕುಸಿದ ಚಿ. ಗುಲ್ಮದ ಚಿ ಮೇಲೆತ್ತಿ ಹಿಡಿಯಬೇಕು. ಅದು ಸೋತರೆ ಕೆಳಹೊಟ್ಟೆಯಲ್ಲಿ ಜಗ್ಗಿದ ಭಾರ, ಬಿಡದ ಭೇದಿ, ಗುದ ಅಥವಾ ಗರ್ಭಕೋಶ ಜಾರುವುದು.

ಒಬ್ಬರಲ್ಲೇ ಎರಡು ಬೆರೆತಿರುವುದೂ ಉಂಟು. ಗುಲ್ಮ ಸೋತವರಿಗೆ ಊಟವಾದ ಮೇಲೆ ಉಬ್ಬರ ಬರುತ್ತದೆ: ಮೂಲ ಕೊರತೆ, ಮೇಲೆ ಕಟ್ಟು. ಬರೀ ಬಲವರ್ಧಕ ಕೊಟ್ಟರೆ ಉಬ್ಬರ ದುಪ್ಪಟ್ಟು. ಸೊಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯಾನ್ ಯಿ ಇದನ್ನು ಚೆನ್ನಾಗಿ ಅರಿತಿದ್ದರು. ಜಿನ್ಸೆಂಗ್, ಬಾಯ್‌ಝು ಎಂಬ ಬೇರು, ಫುಲಿಂಗ್ ಎಂಬ ಅಣಬೆ, ಹುರಿದ ಅತಿಮಧುರ ಸೇರಿದ ನಾಲ್ಕರ ಬಲವರ್ಧಕ ಕಷಾಯಕ್ಕೆ ಅವರು ಒಣಗಿಸಿದ ಕಿತ್ತಳೆ ಜಾತಿಯ ಸಿಪ್ಪೆಯನ್ನು, ಅಂದರೆ ಚೆನ್‌ಪಿಯನ್ನು, ಸೇರಿಸಿದರು. ಬಲ ಕೊಡುವುದು ನಾಲ್ಕು, ಕಟ್ಟದಂತೆ ಸರಿಸುವುದು ಐದನೆಯದು. ಮುಂದೆ ವೈದ್ಯ ಲಿ ದೊಂಗ್‌ಯುವಾನ್ (1180–1251) ಕುಸಿದ ಚಿಗೆ ಹೆಣೆದ ಪ್ರಸಿದ್ಧ ಔಷಧಯೋಗದಲ್ಲೂ ಹುವಾಂಗ್‌ಚಿ ಬೇರಿನ ಜೊತೆ ಅದೇ ಸಿಪ್ಪೆಯಿದೆ, ಮೇಲೆತ್ತಲು ಶೆಂಗ್‌ಮಾ ಮತ್ತು ಚಾಯ್‌ಹು ಎಂಬ ಎರಡು ಬೇರುಗಳಿವೆ. ಈ ಔಷಧಯೋಗಗಳನ್ನು ಬರಹ ಓದಿ ಸ್ವಂತಕ್ಕೆ ಕುದಿಸಿಕೊಳ್ಳಬೇಡಿ. ಅತಿಮಧುರ ಹೆಚ್ಚಾದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಮ್ ಇಳಿಯುತ್ತದೆ. ಜಿನ್ಸೆಂಗ್ ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಯ ಕೆಲಸವನ್ನು ಕುಗ್ಗಿಸಬಲ್ಲದು.

ಮನಸ್ಸಿನ ಪಾಲೂ ಇದೆ. ಈ ವೈದ್ಯದ ಮೂಲಗ್ರಂಥ ‘ಹುವಾಂಗ್‌ದಿ ನೇಜಿಂಗ್’. ಅದರ ಮೊದಲ ಭಾಗ ‘ಸುವೆನ್’ನ 39ನೇ ಅಧ್ಯಾಯ ಚಿ ಒಂಬತ್ತು ಬಗೆಯಲ್ಲಿ ಕೆಡುವುದನ್ನು ಹೇಳುತ್ತದೆ. ಕೋಪದಿಂದ ಏರುತ್ತದೆ, ಹಿಗ್ಗಿನಿಂದ ಸಡಿಲಾಗುತ್ತದೆ, ದುಃಖದಿಂದ ಕರಗುತ್ತದೆ, ಭಯದಿಂದ ಇಳಿಯುತ್ತದೆ, ಚಳಿಯಿಂದ ಮುದುಡುತ್ತದೆ, ಸೆಕೆಯಿಂದ ಬೆವರಾಗಿ ಸೋರುತ್ತದೆ, ಬೆಚ್ಚಿಬಿದ್ದರೆ ದಿಕ್ಕೆಡುತ್ತದೆ, ದುಡಿಮೆಯಿಂದ ಸವೆಯುತ್ತದೆ, ಅತಿ ಚಿಂತೆಯಿಂದ ಗಂಟುಬೀಳುತ್ತದೆ. ನಿತ್ಯದ ಅಭ್ಯಾಸಕ್ಕೆ ಇದರಿಂದ ಒಂದು ನಿಯಮ ಸಿಗುತ್ತದೆ: ಜಗಳವಾಡಿದ ಕೂಡಲೇ ನಿಲ್ಲುವ ಅಭ್ಯಾಸಕ್ಕೆ ಇಳಿಯಬೇಡಿ. ಏರಿದ್ದನ್ನು ಇಳಿಸಲು ಮೊದಲು ಹತ್ತು ನಿಮಿಷ ನಿಧಾನ ನಡೆಯಿರಿ.

ಉಸಿರು

ನಿಲ್ಲುವ ಮುಂಚೆ ಒಂದು ವಾರ ಕೂತು ಉಸಿರಾಟ ಮಾಡಿ. ಹೊಕ್ಕುಳ ಕೆಳಗೆ ಎರಡು ಬೆರಳಗಲದಲ್ಲಿ ಅಂಗೈಯಿಡಿ. ಅಲ್ಲಿರುವ ಬಿಂದುವಿನ ಹೆಸರು ಚಿಹಾಯ್, ಅಂದರೆ ಚಿಯ ಕಡಲು. ಆ ಭಾಗದ ಒಳಗನ್ನು ದಾನ್‌ತಿಯೆನ್ ಎನ್ನುತ್ತಾರೆ. ಮೂಗಿನಿಂದಲೇ ಎಳೆದು ಮೂಗಿನಿಂದಲೇ ಬಿಡಿ. ಒಳಕ್ಕೆ ನಾಲ್ಕೆಣಿಕೆ, ಹೊರಕ್ಕೆ ಆರೆಣಿಕೆ, ನಡುವೆ ತಡೆ ಬೇಡ. ಹತ್ತು ಉಸಿರು ಸಾಕು, ದಿನಕ್ಕೆ ಎರಡು ಸಲ.

ಸಾಮಾನ್ಯ ತಪ್ಪು, ಸ್ನಾಯು ಬಿಗಿದು ಹೊಟ್ಟೆಯನ್ನು ಹೊರಗೆ ನೂಕುವುದು. ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ, ಇಳಿದಾಗ ಹೊಟ್ಟೆ ತಾನೇ ತುಂಬಿ ಕೈಯನ್ನು ಮೆಲ್ಲಗೆ ಎತ್ತಬೇಕು. ಪಕ್ಕೆಗಳೂ ಬೆನ್ನಿನ ಕೆಳಭಾಗವೂ ತುಸು ಹಿಗ್ಗಿದರೆ ಸರಿಯಾಗಿದೆ ಎಂದರ್ಥ. ತಲೆ ಹಗುರಾಗಿ ತುಟಿಯ ಸುತ್ತ ಜುಮ್ಮೆಂದರೆ ಅದನ್ನು ಚಿ ಎಂದುಕೊಳ್ಳಬೇಡಿ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಿದೆ. ಎಣಿಕೆ ಬಿಟ್ಟು ಸಹಜ ಉಸಿರಿಗೆ ಮರಳಿ.

ನಿಲ್ಲುವುದು: ಝಾನ್ ಝುವಾಂಗ್

ಕಂಬದಂತೆ ನಿಲ್ಲುವುದು ಎಂದು ಈ ಹೆಸರಿನ ಅರ್ಥ. ಚಿಯನ್ನು ನೆಲೆಗೊಳಿಸಲು ಇದಕ್ಕಿಂತ ಸರಳವಾದ, ಇದಕ್ಕಿಂತ ಪ್ರಾಮಾಣಿಕವಾದ ಅಭ್ಯಾಸ ಇನ್ನೊಂದಿಲ್ಲ ಎನ್ನಬಹುದು. ಕಲಿಯಲು ಚಲನೆಗಳಿಲ್ಲ, ಹಾಗಾಗಿ ದೇಹ ಎಲ್ಲಿ ಬಿಗಿದಿದೆ ಎಂಬುದು ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. 20ನೇ ಶತಮಾನದಲ್ಲಿ ವಾಂಗ್ ಶಿಯಾಂಗ್‌ಝಾಯ್ (1885–1963) ತಮ್ಮ ಯಿಚುವಾನ್ ಎಂಬ ಯುದ್ಧಕಲೆಗೆ ಇದನ್ನೇ ತಳಹದಿ ಮಾಡಿದರು, ಆರೋಗ್ಯಕ್ಕಾಗಿಯೂ ಕಲಿಸಿದರು.

ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ. ಹಸಿದ ಹೊಟ್ಟೆಯೂ ಬೇಡ. ನೆಲ ಸಮತಟ್ಟು, ಗಾಳಿ ನೇರ ಬೀಸದ ಜಾಗ, ಸಡಿಲ ಬಟ್ಟೆ, ತೆಳು ಅಡಿಯ ಚಪ್ಪಟೆ ಪಾದರಕ್ಷೆ.

ಪಾದಗಳನ್ನು ಹೆಗಲಗಲಕ್ಕೆ ಇಟ್ಟು ಬೆರಳುಗಳನ್ನು ನೇರ ಮುಂದಕ್ಕೆ ಮಾಡಿ. ಬೆರಳು ಮಡಚಿದಾಗ ಅಂಗಾಲಿನ ಮುಂಭಾಗದಲ್ಲಿ ಒಂದು ಗುಳಿ ಬೀಳುತ್ತದೆ, ಅದು ಯೊಂಗ್‌ಚುವಾನ್ ಬಿಂದು. ಭಾರ ಆ ಗುಳಿಗೂ ಹಿಮ್ಮಡಿಗೂ ಸಮನಾಗಿ ಹಂಚಿರಲಿ. ಈಗ ಮಂಡಿಯ ಬೀಗ ತೆಗೆಯಿರಿ: ಹಿಂಬದಿಯ ನರ ಸಡಿಲಾಗುವಷ್ಟು ಮಾತ್ರ ಬಗ್ಗಿದರೆ ಸಾಕು. ಕೆಳಗೆ ನೋಡಿದಾಗ ಮಂಡಿಯ ಆಚೆ ಕಾಲ್ಬೆರಳ ತುದಿ ಕಾಣಬೇಕು, ಮಂಡಿ ಎರಡನೇ ಬೆರಳಿನ ನೇರಕ್ಕಿರಬೇಕು.

ಎತ್ತರದ ಸ್ಟೂಲಿನ ಅಂಚಿಗೆ ಕೂರಲು ಹೊರಟವರಂತೆ ಸೊಂಟವನ್ನು ಇಳಿಬಿಡಿ. ತೊಡೆಸಂದು ಮೆತ್ತಗಾಗುತ್ತದೆ, ಬಾಲಮೂಳೆ ನೆಲದತ್ತ ತೂಗುತ್ತದೆ, ಬೆನ್ನಿನ ಕೆಳಗಿನ ಬಾಗು ಕಡಿಮೆಯಾಗುತ್ತದೆ. ಎದೆ ಉಬ್ಬಿಸಬೇಡಿ, ಗೂನೂ ಬೇಡ. ಎರಡು ಕಿವಿಗಳ ತುದಿಯಿಂದ ಎಳೆದ ಗೆರೆ ನೆತ್ತಿಯಲ್ಲಿ ನಡುಗೆರೆಯನ್ನು ಕೂಡುವಲ್ಲಿ ಬಾಯ್‌ಹುಯ್ ಬಿಂದುವಿದೆ. ಅಲ್ಲಿಂದ ದಾರ ಕಟ್ಟಿ ತೂಗುಬಿಟ್ಟಂತೆ ತಲೆ ನಿಲ್ಲಲಿ, ಗದ್ದ ತುಸು ಒಳಕ್ಕಿರಲಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಅಂಗುಳಿಗೆ ತಾಗಿರಲಿ. ಮೈಯ ಮುಂಭಾಗದ ರೆನ್ ನಾಳ ಮತ್ತು ಬೆನ್ನಿನ ದು ನಾಳ ಅಲ್ಲಿ ಸೇರುತ್ತವೆ ಎಂದು ಕಾರಣ ಕೊಡುತ್ತಾರೆ. ಬಾಯಿ ಒಣಗದಿರುವುದಂತೂ ಖಚಿತ. ಎಂಜಲು ತುಂಬಿದರೆ ಮೂರು ಗುಟುಕಾಗಿ ನುಂಗಿ.

ಕೈಗಳು ಕೊನೆಗೆ. ಮರವೊಂದನ್ನು ತಬ್ಬಿದಂತೆ ದುಂಡಗೆ ಎತ್ತಿ. ಅಂಗೈ ನಿಮ್ಮತ್ತ, ಎದೆಯಿಂದ ಒಂದಡಿ ದೂರ, ಎರಡೂ ಕೈಯ ಬೆರಳ ತುದಿಗಳ ನಡುವೆ ಎರಡು ಮುಷ್ಟಿ ಅಂತರ. ಮೊಣಕೈ ಹೆಗಲಿಗಿಂತ ಕೆಳಗೆ, ಕಂಕುಳಲ್ಲಿ ಮೊಟ್ಟೆಯೊಂದು ಹಿಡಿಸುವಷ್ಟು ಜಾಗ. ಹೊಸಬರು ಕೈಗಳನ್ನು ಹೊಕ್ಕುಳ ಮಟ್ಟದಲ್ಲಿ ಹಿಡಿದರೆ ಸಾಕು, ಎದೆಮಟ್ಟಕ್ಕೆ ಒಂದು ತಿಂಗಳ ಮೇಲೆ ಬನ್ನಿ.

ಮೊದಲ ವಾರ 3 ನಿಮಿಷ, ಎರಡನೇ ವಾರ 5. ಆಮೇಲೆ ವಾರಕ್ಕೆ ಒಂದೋ ಎರಡೋ ನಿಮಿಷ ಸೇರಿಸುತ್ತ 15ರಿಂದ 20ಕ್ಕೆ ನಿಲ್ಲಿಸಿ. ಭಾನುವಾರ ಒಂದೇ ದಿನ ಒಂದು ಗಂಟೆ ನಿಲ್ಲುವುದಕ್ಕಿಂತ ದಿನಕ್ಕೆ ಐದು ನಿಮಿಷ ಎಷ್ಟೋ ಮೇಲು.

ಈಗ ಏನೇನು ಕೆಡುತ್ತದೆ ನೋಡಿ. ಹೆಗಲು ಉರಿದರೆ ನೀವು ಕೈಯನ್ನು ಹೆಗಲಿನಿಂದ ಎತ್ತಿ ಹಿಡಿದಿದ್ದೀರಿ. ಒಮ್ಮೆ ಹೆಗಲನ್ನು ಕಿವಿಯತ್ತ ಎತ್ತಿ ಉಸಿರಿನೊಡನೆ ಬಿಡಿ, ಕೈಯನ್ನು ನಾಲ್ಕು ಬೆರಳಷ್ಟು ಇಳಿಸಿ. ಮಂಡಿ ನೋವು ಬಂದರೆ ಮಂಡಿಗಳು ಒಳಕ್ಕೆ ವಾಲಿವೆ ಅಥವಾ ಅತಿಯಾಗಿ ಬಗ್ಗಿದ್ದೀರಿ. ತಕ್ಷಣ ಎತ್ತರಕ್ಕೆ ಬನ್ನಿ, ನೋವು ಹೋಗದಿದ್ದರೆ ಅಂದಿಗೆ ನಿಲ್ಲಿಸಿ. ಸ್ನಾಯುವಿನ ಸುಡುವ ದಣಿವನ್ನು ಸಹಿಸಬಹುದು, ಕೀಲಿನ ನೋವನ್ನು ಸಹಿಸಲೇಬಾರದು. ಸೊಂಟ ನೋವು ಬಂದವರು ಬಾಲಮೂಳೆಯನ್ನು ಬಲವಂತವಾಗಿ ಮುಂದಕ್ಕೆ ಮಡಚಿರುತ್ತಾರೆ. ತೊಡೆ ನಡುಗಿದರೆ ಗಾಬರಿಯೂ ಬೇಡ, ಸಂಭ್ರಮವೂ ಬೇಡ: ಅದು ದಣಿದ ಸ್ನಾಯುವಿನ ನಡುಕ. ಕಣ್ಣು ಕತ್ತಲಿಟ್ಟರೆ, ತಣ್ಣನೆ ಬೆವರಿದರೆ ಕೂಡಲೇ ಕೂತುಕೊಳ್ಳಿ. ಮಂಡಿ ಬೀಗ ಹಾಕಿ ನಿಂತವರಿಗೆ ರಕ್ತ ಕಾಲಲ್ಲೇ ಉಳಿದು ಹೀಗಾಗುತ್ತದೆ.

ಅಂಗೈ ಬೆಚ್ಚಗಾಗುವುದು, ಬೆರಳು ತುಂಬಿದಂತಾಗುವುದು ಬಹಳ ಜನಕ್ಕೆ ಎರಡನೇ ವಾರದ ಹೊತ್ತಿಗೆ ಬರುತ್ತದೆ. ಅದರ ಬೆನ್ನು ಹತ್ತಬೇಡಿ. ‘ಮನಸ್ಸು ತಲುಪಿದಲ್ಲಿ ಚಿ ತಲುಪುತ್ತದೆ’ ಎಂಬ ಮಾತು ಈ ಪರಂಪರೆಯಲ್ಲಿದೆ. ಅದನ್ನೇ ಹಿಡಿದು ಚಿಯನ್ನು ಬೆನ್ನಲ್ಲಿ ಏರಿಸಿ ತಲೆಗೆ ತರಲು ಹೊರಟವರಿಗೆ ತಲೆಭಾರ, ನಿದ್ರೆಗೇಡು, ಕಿವಿಯಲ್ಲಿ ಸದ್ದು ಅಂಟಿಕೊಳ್ಳುವುದುಂಟು. ಚೀನೀಯರು ಇದಕ್ಕೆ ‘ಪಿಯಾನ್‌ಚಾ’, ಅಂದರೆ ದಾರಿತಪ್ಪು, ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ 1994ರ ರೋಗವಿಂಗಡಣೆಯ ಅನುಬಂಧದಲ್ಲೂ ಚಿಗೊಂಗ್ (ಇಂಥ ಚಿಯ ಅಭ್ಯಾಸಗಳ ಒಟ್ಟು ಹೆಸರು) ಅಭ್ಯಾಸದ ನಂತರ ಕಾಣುವ ಮನೋವಿಕಾರದ ಉಲ್ಲೇಖವಿದೆ. ಮೊದಲೇ ಚಿತ್ತವಿಕಾರದ ಇತಿಹಾಸವಿರುವವರು ಚಿಯನ್ನು ಮನಸ್ಸಿನಿಂದ ನಡೆಸುವ ಅಭ್ಯಾಸಕ್ಕೆ ಹೋಗಲೇಬಾರದು. ಉಳಿದವರು ಗಮನವನ್ನು ಕೆಳಹೊಟ್ಟೆಯಲ್ಲಿ ಕಾದಂತೆಯೂ ಕಾಯದಂತೆಯೂ ಹಗುರವಾಗಿ ಇಟ್ಟರೆ ಸಾಕು. ಒಲೆಯ ಮೇಲೆ ಹಾಲಿಟ್ಟವರು ಬೇರೆ ಕೆಲಸ ಮಾಡುತ್ತಲೇ ಅತ್ತ ಒಂದು ಕಣ್ಣಿಟ್ಟಿರುವ ಹಾಗೆ.

ಚಲನೆ ಬೇಕೆನ್ನುವವರಿಗೆ

ಬಾದುವಾನ್‌ಜಿನ್, ಅಂದರೆ ರೇಷ್ಮೆ ಜರತಾರಿಯ ಎಂಟು ತುಣುಕು. ಸೊಂಗ್ ಕಾಲದ ಬರಹಗಳಲ್ಲೇ ಈ ಹೆಸರು ಸಿಗುತ್ತದೆ. ಚೀನಾದ ರಾಷ್ಟ್ರೀಯ ಕ್ರೀಡಾ ಆಡಳಿತ 2003ರ ಸುಮಾರಿಗೆ ಹೊರತಂದ ನಾಲ್ಕು ಆರೋಗ್ಯ ಚಿಗೊಂಗ್ ಪಾಠಗಳಲ್ಲಿ ಇದೂ ಒಂದು. ಎಂಟೂ ಸೇರಿ ಹನ್ನೆರಡು ನಿಮಿಷದ ಆಸುಪಾಸು. ಮೂರನ್ನು ಇಲ್ಲಿ ಕಲಿತರೆ ಉಳಿದವು ಸಲೀಸು.

ಮೊದಲನೆಯದು ಎರಡು ಕೈಯಿಂದ ಆಕಾಶ ಎತ್ತುವುದು. ಕೆಳಹೊಟ್ಟೆಯ ಮುಂದೆ ಅಂಗೈ ಮೇಲಾಗಿ ಬೆರಳು ಹೆಣೆಯಿರಿ. ಉಸಿರೆಳೆಯುತ್ತ ಕಾಲು ನೇರ ಮಾಡುತ್ತ ಎದೆಯವರೆಗೆ ತಂದು, ಅಲ್ಲಿ ಅಂಗೈಯನ್ನು ಹೊರಳಿಸಿ ನೆತ್ತಿಯ ಮೇಲಕ್ಕೆ ನೂಕಿ. ಕಣ್ಣು ಕೈಯ ಹಿಂದೆಯೇ ಹೋಗಲಿ. ಕೈ ಪೂರ್ತಿ ಚಾಚಿದಾಗ ಮುಖವನ್ನು ನೇರಕ್ಕೆ ತಂದು ಎರಡೆಣಿಕೆ ನಿಲ್ಲಿ. ಬೆರಳು ಬಿಡಿಸಿ, ಉಸಿರು ಬಿಡುತ್ತ, ಮಂಡಿ ಬಗ್ಗಿಸುತ್ತ ಕೈಗಳನ್ನು ಪಕ್ಕದಿಂದ ಇಳಿಸಿ. ಆರು ಸಲ. ಎದೆ, ನಡುಹೊಟ್ಟೆ, ಕೆಳಹೊಟ್ಟೆ ಎಂಬ ಮೂರು ಭಾಗಗಳ ನಡುವಿನ ಹರಿವನ್ನು ಸರಿಪಡಿಸುವುದು ಇದರ ಉದ್ದೇಶ. ಬಿಗಿದ ಹೊಟ್ಟೆಯವರಿಗೆ ಮೊದಲ ದಿನವೇ ಆಕಳಿಕೆ, ತೇಗು ಬರುವುದು ಸಾಮಾನ್ಯ. ರಕ್ತದೊತ್ತಡ ಇರುವವರು ಮೇಲೆ ನೋಡುವುದನ್ನು ಬಿಡಲಿ, ಉಸಿರು ತಡೆಯದಿರಲಿ.

ಮೂರನೆಯದು ಒಂದೇ ಕೈ ಎತ್ತುವುದು. ಎಡಗೈ ಎದೆಯ ಮುಂದಿನಿಂದ ಏರಿ ತಲೆಯ ಎಡಮೇಲ್ಬದಿಗೆ ಅಂಗೈ ಆಕಾಶಕ್ಕೆ, ಬೆರಳು ಬಲಕ್ಕೆ. ಅದೇ ಹೊತ್ತಿಗೆ ಬಲ ಅಂಗೈ ಬಲ ಸೊಂಟದ ಪಕ್ಕ ನೆಲದತ್ತ ಒತ್ತುತ್ತದೆ, ಬೆರಳು ಮುಂದಕ್ಕೆ. ಎರಡೆಣಿಕೆ ನಿಂತು ಮರಳಿ, ಬದಲಿಸಿ. ಪ್ರತಿ ಬದಿಗೆ ಮೂರು. ಗುಲ್ಮ ಏರಿಸಬೇಕು, ಜಠರ ಇಳಿಸಬೇಕು ಎಂದು ಮೇಲೆ ಹೇಳಿದ ಮಾತು ಇಲ್ಲಿ ದೇಹವೇ ಆಡಿ ತೋರಿಸುತ್ತದೆ. ಏರುವ ಕೈಗೆ ಕೊಟ್ಟಷ್ಟೇ ಗಮನ ಒತ್ತುವ ಕೈಗೂ ಕೊಡಿ. ಅಂಗೈಯ ಬುಡದಿಂದ ಒತ್ತಬೇಕು. ಬೆರಳು ಸಡಿಲಬಿಟ್ಟರೆ ಪಕ್ಕೆ ಹಿಗ್ಗುವುದಿಲ್ಲ, ಬರೀ ಕೈ ಆಡಿಸಿದಂತಾಗುತ್ತದೆ.

ಎಂಟನೆಯದು ಹಿಮ್ಮಡಿ ಎತ್ತಿ ಇಳಿಸುವುದು, ಏಳು ಸಲ. ಅರ್ಧ ದಾರಿ ನಿಧಾನ ಇಳಿದು ಉಳಿದರ್ಧ ಮೆಲ್ಲಗೆ ಬೀಳಬೇಕು. ಮೂಳೆ ಸವೆದವರು, ಗರ್ಭಿಣಿಯರು, ಹಿಮ್ಮಡಿ ನೋವಿರುವವರು ಇದನ್ನು ಬಿಡಲಿ.

ಬಿಂದುಗಳನ್ನು ಹುಡುಕುವುದು

ಅಳತೆಯ ಮಾನ ‘ತ್ಸುನ್’. ಅದು ಸೆಂಟಿಮೀಟರಿಗೆ ಸಿಗುವುದಿಲ್ಲ, ಯಾಕೆಂದರೆ ಒಬ್ಬೊಬ್ಬರ ಮೈಗೆ ಒಂದೊಂದು. ಹೆಬ್ಬೆರಳ ಗೆಣ್ಣಿನ ಅಗಲ 1 ತ್ಸುನ್, ನಾಲ್ಕು ಬೆರಳು ಜೋಡಿಸಿದ ಅಗಲ 3. ಇನ್ನೊಬ್ಬರ ಮೈಯಲ್ಲಿ ಹುಡುಕುವಾಗ ಅವರದೇ ಬೆರಳಿನಿಂದ ಅಳೆಯಬೇಕು. ಹೊಸಬರು ಮಾಡುವ ಮೊದಲ ತಪ್ಪೇ ತಮ್ಮ ಬೆರಳಿನಿಂದ ಅಳೆಯುವುದು. ಇನ್ನೂ ನಂಬಲರ್ಹ ದಾರಿಯೆಂದರೆ ಭಾಗಿಸುವುದು: ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಮಡಿಕೆಗೆ 12 ತ್ಸುನ್, ಹೊಕ್ಕುಳಿಂದ ಜಘನಮೂಳೆಯ ಮೇಲಂಚಿಗೆ 5.

ಝುಸಾನ್ಲಿ ಸಿಗಬೇಕಾದರೆ ಮಂಡಿ ಮಡಚಿ ಕೂತು, ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯನ್ನು ಮುಟ್ಟಿ. ಅಲ್ಲಿಂದ ನಾಲ್ಕು ಬೆರಳಗಲ ಕೆಳಗೆ, ಕೆಳಗಾಲಿನ ಮುಂದಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ. ಜಠರದ ಚಿಗೆ, ದಣಿವಿಗೆ ಅತಿ ಹೆಚ್ಚು ಬಳಕೆಯಾಗುವ ಬಿಂದು. ಹೆಬ್ಬೆರಳನ್ನು ನೆಟ್ಟಗಿಟ್ಟು ಮೂರೆಣಿಕೆಯಲ್ಲಿ ಇಳಿಸಿ, ಐದೆಣಿಕೆ ಹಿಡಿದು, ಮೆಲ್ಲಗೆ ಬಿಡಿ; ಒಂದೊಂದು ಕಾಲಿಗೆ ಎರಡು ನಿಮಿಷ. ಸರಿಯಾದ ಜಾಗದಲ್ಲಿ ಬರುವುದು ಸಣ್ಣ ನೋವು, ಜೋಮು, ತುಂಬಿದ ಭಾವ, ಭಾರ. ಇದನ್ನೇ ‘ದೆ ಚಿ’, ಚಿ ಸಿಕ್ಕಿತು, ಎನ್ನುವುದು. ಮಿಂಚು ಹೊಡೆದಂಥ ಚುರುಕು ನೋವಾದರೆ ನರದ ಮೇಲಿದ್ದೀರಿ, ಸರಿಯಿರಿ.

ನೇಗುವಾನ್ ಇರುವುದು ಅಂಗೈ ಬದಿಯಲ್ಲಿ, ಮಣಿಕಟ್ಟಿನ ಮಡಿಕೆಯಿಂದ 2 ತ್ಸುನ್ ಮೇಲೆ, ಅಂದರೆ ಮುಂಗೈಯ ಆರನೇ ಒಂದು ಭಾಗ. ಮುಷ್ಟಿ ಹಿಡಿದಾಗ ಎದ್ದು ಕಾಣುವ ಎರಡು ಸ್ನಾಯುಹುರಿಗಳ ನಡುವೆ. ಜಠರದ ಚಿ ತಿರುಗಿಬಿದ್ದು ವಾಕರಿಕೆ ಬಂದಾಗ ಒಂದೊಂದು ಕೈಗೆ ಒಂದೆರಡು ನಿಮಿಷ. ಬೆರಳುಗಳಿಗೆ ಜೋಮು ಹರಿದರೆ ಒತ್ತಡ ತಗ್ಗಿಸಿ, ಅಡಿಯಲ್ಲೇ ಮೀಡಿಯನ್ ನರವಿದೆ. ಎದೆ ಬಿಗಿದು ನಿಟ್ಟುಸಿರು ಬರುವವರು ಎದೆಮೂಳೆಯ ನಡುಗೆರೆಯಲ್ಲಿ, ನಾಲ್ಕನೇ ಪಕ್ಕೆಸಂದಿನ ಮಟ್ಟದಲ್ಲಿರುವ ದಾನ್‌ಝೊಂಗ್ ಬಿಂದುವನ್ನು ಅಂಗೈಯಿಂದ ಮೇಲಿಂದ ಕೆಳಗೆ ನೂರು ಸಲ ಸವರಬಹುದು, ಒತ್ತುವುದು ಬೇಡ. ಆದರೆ ಎದೆನೋವು ತೋಳಿಗೋ ದವಡೆಗೋ ಹಬ್ಬಿದರೆ, ಬೆವರಿ ಉಸಿರು ಸಿಗದಿದ್ದರೆ ಇದು ಬಿಂದು ಹುಡುಕುವ ಹೊತ್ತಲ್ಲ, ಆಸ್ಪತ್ರೆಗೆ ಧಾವಿಸಿ. ಗರ್ಭಿಣಿಯರು ಕೆಳಹೊಟ್ಟೆಯ ಬಿಂದುಗಳನ್ನೂ, ಹೆಬ್ಬೆರಳು ತೋರುಬೆರಳ ನಡುವಿನ ಹೆಗುವನ್ನೂ, ಕಾಲಿನ ಒಳಬದಿಯ ಹರಡಿನ ಮೇಲಿನ ಸಾನ್‌ಯಿಂಜಿಯಾವೊವನ್ನೂ ಒತ್ತಬಾರದು.

ಗಡಿಯಾರದ ಮಾತು ಚಿಕ್ಕದು. ದಿನವನ್ನು 12 ಜಾವ ಮಾಡಿ ಪ್ರತಿ ಜಾವಕ್ಕೂ ಒಂದು ನಾಳ ಕೊಟ್ಟಿದ್ದಾರೆ: ಬೆಳಗಿನ 3ರಿಂದ 5 ಶ್ವಾಸಕೋಶ, 7ರಿಂದ 9 ಜಠರ, 9ರಿಂದ 11 ಗುಲ್ಮ, ರಾತ್ರಿ 1ರಿಂದ 3 ಯಕೃತ್ತು. ಬೆಳಗಿನ ಊಟ ತಪ್ಪಿಸಬೇಡಿ, ನಡುರಾತ್ರಿಗೆ ಮುಂಚೆ ಮಲಗಿ ಎಂಬ ಬುದ್ಧಿಮಾತಿಗೆ ಇದು ಒಳ್ಳೆಯ ನೆನಪಿನ ಕೊಂಡಿ. ರಾತ್ರಿ ಎರಡಕ್ಕೆ ಎಚ್ಚರವಾಯಿತೆಂದು ಯಕೃತ್ತಿಗೆ ರೋಗ ಹಚ್ಚುವುದು ಮಾತ್ರ ಬೇಡ.

ಮುಗಿಸುವ ಬಗೆ

ಥಟ್ಟನೆ ಕೈಬಿಟ್ಟು ಹೊರಟುಬಿಡುವವರೇ ಹೆಚ್ಚು. ಮುಗಿಸುವುದಕ್ಕೆ ‘ಶೋಗೊಂಗ್’ ಎಂದು ಬೇರೆ ಹೆಸರೇ ಇದೆ. ಕೈಗಳನ್ನು ನಿಧಾನ ಇಳಿಸಿ ಅಂಗೈಗಳನ್ನು ಹೊಕ್ಕುಳ ಕೆಳಗೆ ಒಂದರ ಮೇಲೊಂದು ಇಡಿ. ಕಾಲುಗಳನ್ನು ಮೆಲ್ಲಗೆ ನೇರ ಮಾಡಿ. ಒಂಬತ್ತು ಸಹಜ ಉಸಿರು. ಅಂಗೈ ಉಜ್ಜಿ ಬಿಸಿಮಾಡಿ ಮುಖ ಸವರಿ, ಮುಷ್ಟಿ ಸಡಿಲ ಹಿಡಿದು ತೊಡೆಯ ಹೊರಬದಿಯಿಂದ ಪಾದದವರೆಗೆ ತಟ್ಟಿ, ಐವತ್ತು ಹೆಜ್ಜೆ ನಡೆಯಿರಿ. ಬೆವರಿದ್ದರೆ ಬಟ್ಟೆಯಿಂದ ಒರೆಸಿ, ಕಾಲು ಗಂಟೆ ತಣ್ಣೀರು ಮುಟ್ಟಬೇಡಿ, ಫ್ಯಾನಿನ ಎದುರು ಕೂರಬೇಡಿ: ಬೆವರಿನ ರಂಧ್ರಗಳು ಇನ್ನೂ ತೆರೆದಿರುತ್ತವೆ, ಅವನ್ನು ಕಾಯುವ ವೇ ಚಿ ಒಳಗಿನ ಕೆಲಸ ಮುಗಿಸಿ ಚರ್ಮಕ್ಕೆ ಮರಳಲು ಅಷ್ಟು ಹೊತ್ತು ಬೇಕು ಎನ್ನುತ್ತಾರೆ ಅಲ್ಲಿನ ಗುರುಗಳು.